ತಳಿಗೆ ಜೀವವುಂಟೆ?

ಕಳೆದ ಚಾತುರ್ಮಾಸದ ಕೊನೆಯ ವಾರದಲ್ಲಿ ನಮ್ಮ ಬಸದಿಯ ಟ್ರಸ್ಟಿಗೆ ಒಂದು ಪತ್ರ ಬಂದಿತು. ಬರೆದವಳು ನನ್ನ ತಮ್ಮನ ಮಗಳು, ಪಶುವೈದ್ಯೆ. ಗೋವೆಯ ಗಡಿಯ ಹಳ್ಳಿಗಳಲ್ಲಿ ಅವಳ ಕೆಲಸ. ಅಲ್ಲಿಯ ಮನೆಗಳಲ್ಲಿ ತಲೆಮಾರುಗಳಿಂದ ಸಾಕಿಕೊಂಡು ಬಂದ ಕಪ್ಪು ನಾಟಿ ಹಂದಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವುಗಳ ಜಾಗದಲ್ಲಿ ಬೇಗ ಬೆಳೆಯುವ ಬಿಳಿಯ ವಿದೇಶಿ ಮಿಶ್ರತಳಿ ಬರುತ್ತಿದೆ. ಮಾರಾಟಕ್ಕೆ ನಿಂತಿದ್ದ 24 ನಾಟಿ ಹಂದಿಗಳನ್ನು ಕೊಂಡು, ಸಹಜ ಮರಣದವರೆಗೆ ಸಾಕಿ, ಅವುಗಳ ಸಂತಾನವನ್ನೂ ಉಳಿಸುವ ವ್ಯವಸ್ಥೆಗೆ ನಮ್ಮ ಜೀವದಯಾ ನಿಧಿಯಿಂದ ನೆರವು ಸಿಗಬಹುದೇ ಎಂಬುದು ಅವಳ ಪ್ರಶ್ನೆ.

ಪತ್ರವನ್ನು ಸಭೆಯಲ್ಲಿ ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಹಿರಿಯರೊಬ್ಬರು, "ಗೋಶಾಲೆಗಾದರೆ ಕೇಳಿದಷ್ಟು ಕೊಡೋಣ. ಇದು ಹಂದಿಯಲ್ಲವೇ?" ಎಂದರು. ಇನ್ನೊಬ್ಬರು ತೂಕವಾಗಿ ಹೇಳಿದರು: "ಈ ತಳಿ ಉಳಿದರೆ ಮುಂದೆ ತಿನ್ನುವವರಿಗೇ ತಾನೆ ಉಳಿಯುವುದು? ಕಟುಕನ ಅಂಗಡಿಗೆ ನಾವೇ ಬಂಡವಾಳ ಹಾಕಿದಂತಾಗುವುದಿಲ್ಲವೇ?"

ಮೊದಲನೆಯ ಆಕ್ಷೇಪಕ್ಕೆ ಉತ್ತರ ಕಷ್ಟವಲ್ಲ. ಹದಿಮೂರನೆಯ ತೀರ್ಥಂಕರರಾದ ವಿಮಲನಾಥ ಸ್ವಾಮಿಗಳ ಲಾಂಛನವೇ ವರಾಹ. ಅವರ ಬಿಂಬವಿರುವ ಬಸದಿಯಲ್ಲೆಲ್ಲ ಪೀಠದ ಮೇಲಿನ ಹಂದಿಯ ಮುಂದೆಯೇ ನಾವು ತಲೆಬಾಗುತ್ತೇವೆ. ಹಂದಿಯ ವಿಷಯದಲ್ಲಿ ನಮಗಿರುವ ಹೇಸಿಗೆ ಊರಿನಿಂದ ಬಂದದ್ದು, ಆಗಮದಿಂದ ಬಂದದ್ದಲ್ಲ. ಪಂಚೇಂದ್ರಿಯ ಜೀವಗಳಲ್ಲಿ ಹಸುವಿಗೊಂದು ದಯೆ, ಹಂದಿಗೊಂದು ದಯೆ ಎಂಬ ವಿಂಗಡಣೆ ನಮ್ಮ ಯಾವ ಶ್ರಾವಕಾಚಾರದಲ್ಲಿಯೂ ನನಗೆ ಕಂಡಿಲ್ಲ.

ಎರಡನೆಯ ಆಕ್ಷೇಪ ಮಾತ್ರ ನನ್ನ ನಿದ್ದೆಯನ್ನು ಕೆಡಿಸಿತು. ನಾನು ಕಾಲಾವಕಾಶ ಕೇಳಿ ವಿಷಯವನ್ನು ಮುಂದಿನ ಸಭೆಗೆ ಹಾಕಿಸಿದೆ. ಅಂದು ರಾತ್ರಿ ಫೋನಿನಲ್ಲಿ ಮಗಳಿಗೆ ಹೇಳಿದಾಗ ಅವಳು ಬೇಸರಪಡಲಿಲ್ಲ. "ದೊಡ್ಡಪ್ಪಾ, ನೀವು ಉಳಿಸಬೇಕು ಅನ್ನೋದು ಹಂದೀನೋ, ತಳೀನೋ? ಅದನ್ನ ಮೊದಲು ತೀರ್ಮಾನ ಮಾಡಿ," ಎಂದಳು. ಈ ಲೇಖನ ಆ ಪ್ರಶ್ನೆಯ ಹಿಂದೆ ಹೋದದ್ದರ ಫಲ.

ಮೊದಲು ತಳಿಯೆಂದರೇನೆಂದು ನೋಡೋಣ. ಲೋಕದ ಸಾಕು ಹಂದಿಗಳೆಲ್ಲ ಕಾಡುಹಂದಿಯ ಸಂತತಿಯೇ. ಸುಮಾರು ಒಂಬತ್ತು ಹತ್ತು ಸಾವಿರ ವರ್ಷಗಳ ಹಿಂದೆ ಇಂದಿನ ಟರ್ಕಿಯ ಪೂರ್ವಭಾಗದಲ್ಲೊಮ್ಮೆ, ಚೀನದಲ್ಲಿ ಪ್ರತ್ಯೇಕವಾಗಿ ಇನ್ನೊಮ್ಮೆ, ಮನುಷ್ಯನು ಅದನ್ನು ಪಳಗಿಸಿದನು. ಆಯಾ ಊರಿನ ಹವೆ, ಮೇವು, ರೋಗ ಮತ್ತು ಜನರ ರುಚಿಗೆ ತಕ್ಕಂತೆ ಸಾವಿರಾರು ವರ್ಷಗಳಲ್ಲಿ ನೂರಾರು ಬಗೆಗಳು ರೂಪುಗೊಂಡವು. ಆದರೆ ಹೆಸರು, ಲಕ್ಷಣಪಟ್ಟಿ, ವಂಶಾವಳಿ ಪುಸ್ತಕಗಳಿಂದ ಬೇಲಿ ಹಾಕಿದ ತಳಿ ಎಂಬುದು ಹೊಸದು; ಬ್ರಿಟನ್ನಿನಲ್ಲಿ ಹಂದಿ ತಳಿಗಾರರ ರಾಷ್ಟ್ರೀಯ ಸಂಘ ಹುಟ್ಟಿದ್ದು 1884ರಲ್ಲಿ.

ಬೇಲಿ ಹಾಕಿದ ಆ ನಾಡಿನಲ್ಲಿಯೇ ತಳಿಗಳ ನಾಶವೂ ಮೊದಲು ಕಣ್ಣಿಗೆ ಬಿದ್ದಿತು. 1955ರಲ್ಲಿ ಬ್ರಿಟನ್ನಿನ ಸರ್ಕಾರಿ ಸಲಹಾ ಸಮಿತಿಯೊಂದು, ಅಧ್ಯಕ್ಷರ ಹೆಸರಿನಿಂದ ಹೋವಿಟ್ ವರದಿ ಎಂದು ಕರೆಯಲ್ಪಟ್ಟ ತನ್ನ ವರದಿಯಲ್ಲಿ, ರೈತರು ಲಾರ್ಜ್ ವೈಟ್, ಲ್ಯಾಂಡ್ರೇಸ್, ವೆಲ್ಷ್ ಎಂಬ ಮೂರು ತಳಿಗಳ ಮೇಲೆಯೇ ಗಮನವಿಡಬೇಕೆಂದು ಸಲಹೆ ಮಾಡಿತು. ಕಾರಣ ವ್ಯಾಪಾರದ್ದು: ಒಂದೇ ಅಳತೆಯ, ಕೊಬ್ಬು ಕಡಿಮೆಯಿರುವ ಸರಕು ಕಾರ್ಖಾನೆಗೆ ಬೇಕಾಗಿತ್ತು. ಕಂಬರ್‌ಲ್ಯಾಂಡ್ ಹಂದಿ 1960ರ ಹೊತ್ತಿಗೆ ಇಲ್ಲವಾಯಿತು. ಕುರಿಯಂತೆ ಗುಂಗುರು ಕೂದಲಿದ್ದ ಲಿಂಕನ್‌ಶೈರ್ ಹಂದಿ 1972ರಲ್ಲಿ ಮುಗಿಯಿತು. ಮರುವರ್ಷ, 1973ರಲ್ಲಿ, ಅಪರೂಪದ ತಳಿಗಳ ರಕ್ಷಣೆಗಾಗಿ 'ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್' ಎಂಬ ಸಂಸ್ಥೆ ಅಲ್ಲಿ ಸ್ಥಾಪನೆಯಾಯಿತು. 1900ರಿಂದ 1973ರವರೆಗೆ ಆ ದೇಶ ಹಸು, ಕುರಿ, ಹಂದಿ ಮುಂತಾದ ಸಾಕುಪ್ರಾಣಿಗಳ 26 ತಳಿಗಳನ್ನು ಕಳೆದುಕೊಂಡಿತೆಂಬುದು ಆ ಸಂಸ್ಥೆಯ ಲೆಕ್ಕ.

ಇಂತಹ ರಕ್ಷಕರ ಮುಖ್ಯ ವಾದ ಕೇಳಲು ವಿಚಿತ್ರ. ಅಪರೂಪದ ತಳಿ ಉಳಿಯಬೇಕಾದರೆ ಅದನ್ನು ತಿನ್ನಬೇಕು ಎನ್ನುತ್ತಾರೆ. ತಿನ್ನುವವರಿದ್ದರೆ ಬೆಲೆ, ಬೆಲೆಯಿದ್ದರೆ ಸಾಕುವ ರೈತ, ರೈತನಿದ್ದರೆ ತಳಿ. ಇದು ಬರಿಯ ಮಾತಲ್ಲ, ಹಂಗೇರಿಯ ಮಂಗಲಿತ್ಸ ಹಂದಿಯ ಚರಿತ್ರೆಯೇ ಸಾಕ್ಷಿ. 1830ರ ದಶಕದಲ್ಲಿ ಸರ್ಬಿಯದ ಹಂದಿಗಳನ್ನು ಸ್ಥಳೀಯ ಹಂದಿಗಳೊಡನೆ ಕೂಡಿಸಿ ಬೆಳೆಸಿದ, ಮೈತುಂಬ ಗುಂಗುರು ಕೂದಲಿನ, ಮಾಂಸಕ್ಕಿಂತ ಕೊಬ್ಬಿಗಾಗಿಯೇ ಸಾಕುತ್ತಿದ್ದ ತಳಿ ಅದು. ಅಡುಗೆಗೆ ಹಂದಿಯ ಕೊಬ್ಬು ಬಳಸುವ ರೂಢಿ ಕುಗ್ಗಿ, ಸಸ್ಯಜನ್ಯ ಎಣ್ಣೆ ಬಂದು, ದೊಡ್ಡ ಫಾರಮ್ಮುಗಳಿಗೆ ಬೇಗ ಬೆಳೆಯುವ ಹಂದಿ ಬೇಕಾದಾಗ ಅದರ ಕಾಲ ಮುಗಿಯುತ್ತ ಬಂದಿತು. ಕಮ್ಯುನಿಸ್ಟ್ ಆಡಳಿತ ಕೊನೆಗೊಳ್ಳುವ ಹೊತ್ತಿಗೆ ಸಂಖ್ಯೆ ಕೆಲವು ನೂರಕ್ಕೆ ಇಳಿದಿತ್ತು. 1990ರ ದಶಕದ ಆರಂಭದಲ್ಲಿ ಒಣಮಾಂಸ ತಯಾರಿಸುವ ಸ್ಪೇನಿನ ಒಂದು ಕುಟುಂಬದ ಕಂಪನಿ ಹಂಗೇರಿಯ ಪಶುತಜ್ಞರೊಬ್ಬರ ಜೊತೆ ಸೇರಿ ಉಳಿದವನ್ನು ಕೊಂಡು ಬೆಳೆಸಿತು. ಇಂದು ವರ್ಷಕ್ಕೆ ಹತ್ತಾರು ಸಾವಿರ ಮಂಗಲಿತ್ಸಗಳು ಹುಟ್ಟುತ್ತವೆ. ಹೆಚ್ಚಿನವು ಕತ್ತಿಗೆ ಹೋಗುತ್ತವೆ. ತಳಿ ಉಳಿಯಿತು. ಹಂದಿಗಳು?

ವ್ಯಾಪಾರಿಯಾದ ನನಗೆ ಇಲ್ಲಿ ಲೆಕ್ಕದ ಪುಸ್ತಕವೇ ಕಣ್ಣಿಗೆ ಬರುತ್ತದೆ. ಜಮೆ ಒಬ್ಬರ ಖಾತೆಗೆ, ಖರ್ಚು ಇನ್ನೊಬ್ಬರ ಖಾತೆಗೆ ಬರೆದ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಇಲ್ಲಿ ಜಮೆಯಾದದ್ದು ತಳಿಯೆಂಬ ಹೆಸರಿನ ಖಾತೆಗೆ. ಪ್ರಾಣ ತೆತ್ತದ್ದು ಒಂದೊಂದು ಹಂದಿ. ತಳಿಗೆ ಪ್ರತ್ಯೇಕವಾದ ಖಾತೆಯುಂಟೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ನ್ಯಾಯಗ್ರಂಥಗಳು ಸಾವಿರ ವರ್ಷಗಳ ಹಿಂದೆಯೇ ದಾರಿ ತೋರಿಸಿವೆ. ಮಾಣಿಕ್ಯನಂದಿ ಆಚಾರ್ಯರು ಪರೀಕ್ಷಾಮುಖದಲ್ಲಿ ಸಾಮಾನ್ಯವನ್ನು ತಿರ್ಯಕ್ ಸಾಮಾನ್ಯ, ಊರ್ಧ್ವತಾ ಸಾಮಾನ್ಯ ಎಂದು ಎರಡಾಗಿ ವಿಂಗಡಿಸುತ್ತಾರೆ. ಹಲವು ವ್ಯಕ್ತಿಗಳಲ್ಲಿ ಕಾಣುವ ಸದೃಶ ಪರಿಣಾಮವೇ ತಿರ್ಯಕ್ ಸಾಮಾನ್ಯ. ಅವರು ಕೊಡುವ ಉದಾಹರಣೆ ಬೇರೆ ಬೇರೆ ಲಕ್ಷಣಗಳ ಹಸುಗಳಲ್ಲಿ ಕಾಣುವ ಗೋತ್ವ. ಅಂದರೆ ಸಾದೃಶ್ಯವು ಸುಳ್ಳಲ್ಲ, ಆದರೆ ಹಸುಗಳನ್ನು ಬಿಟ್ಟು ಬೇರೆಲ್ಲಿಯೂ ಅದು ಇಲ್ಲ. ನೈಯಾಯಿಕರು ಹೇಳುವಂತೆ ನಿತ್ಯವಾದ, ಒಂಟಿಯಾಗಿ ನಿಂತ ಜಾತಿಯೊಂದು ನಮ್ಮಲ್ಲಿ ಇಲ್ಲ. ಮಂಗಲಿತ್ಸತ್ವವೂ ಹಾಗೆಯೇ. ಅದಕ್ಕೆ ಇಂದ್ರಿಯವಿಲ್ಲ, ಆಯುಷ್ಯವಿಲ್ಲ, ನೋವಿಲ್ಲ, ಬಂಧವಿಲ್ಲ, ಮೋಕ್ಷವಿಲ್ಲ. ಹಿಂಸೆಯು ಜೀವಕ್ಕೆ ತಗಲುತ್ತದೆ, ಜಾತಿಗಲ್ಲ. ಹೀಗಿರುವಾಗ ಇಲ್ಲದವನನ್ನು ಬದುಕಿಸಲು ಇರುವವನನ್ನು ಕೊಲ್ಲುವುದು ಸಂಕಲ್ಪಿ ಹಿಂಸೆಯಲ್ಲದೆ ಮತ್ತೇನು? ಕೊಂದವನಷ್ಟೇ ಅಲ್ಲ, ಕೊಲ್ಲಿಸಿದವನೂ ಒಪ್ಪಿದವನೂ ಭಾಗಿಗಳು ಎಂಬ ಕೃತ, ಕಾರಿತ, ಅನುಮೋದನೆಗಳ ವಿಚಾರ ಓದುಗರಿಗೆ ಹೊಸದಲ್ಲ.

ಇದೇ ವಾದಕ್ಕೆ ಇನ್ನೊಂದು ಮುಖವುಂಟು: ಮಾಂಸದ ಬೇಡಿಕೆಯಿಲ್ಲದಿದ್ದರೆ ಆ ಹಂದಿ ಹುಟ್ಟುತ್ತಲೇ ಇರಲಿಲ್ಲ, ಆದ್ದರಿಂದ ತಿನ್ನುವವನು ಅದಕ್ಕೆ ಉಪಕಾರಿ ಎಂಬುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಲೆಸ್ಲಿ ಸ್ಟೀಫನ್ ಹಂದಿಯ ವಿಷಯದಲ್ಲಿಯೇ ಹೀಗೆ ಬರೆದರು. ಅದಕ್ಕೆ ಉತ್ತರ ಕೊಟ್ಟವರು ಹೆನ್ರಿ ಸಾಲ್ಟ್. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಯವರು ಸಸ್ಯಾಹಾರವನ್ನು ಬುದ್ಧಿಪೂರ್ವಕವಾಗಿ ಒಪ್ಪಿಕೊಂಡದ್ದು ಇದೇ ಸಾಲ್ಟರ ಪುಸ್ತಕವನ್ನು ಓದಿದ ಮೇಲೆ. ಇನ್ನೂ ಇಲ್ಲದ ಪ್ರಾಣಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಇರುವ ಪ್ರಾಣಿಗೆ ಮಾತ್ರ ನಮ್ಮ ಕರ್ತವ್ಯವಿದೆ ಎಂಬುದು ಸಾಲ್ಟರ ಉತ್ತರದ ಸಾರ. ನಮ್ಮ ಸಿದ್ಧಾಂತದ ದಾರಿ ಬೇರೆ. ಇಲ್ಲದ ಜೀವ ಎಂಬುದೇ ನಮ್ಮಲ್ಲಿಲ್ಲ. ಜೀವವು ತನ್ನ ಕರ್ಮಾನುಸಾರ ಎಲ್ಲಿಯೋ ಒಂದು ಕಡೆ ಹುಟ್ಟಿಯೇ ತೀರುತ್ತದೆ. ಹಂದಿಯ ಜನ್ಮವನ್ನು ಕೊಟ್ಟೆನೆಂದು ಬೀಗುವ ತಳಿಗಾರನು ಯಾರಿಗೂ ಏನನ್ನೂ ಕೊಟ್ಟಿಲ್ಲ. ದಾರಿ ಬೇರೆಯಾದರೂ ಇಬ್ಬರೂ ಮುಟ್ಟುವ ಊರು ಒಂದೇ.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಸುಲಭವಾಗುತ್ತಿತ್ತು. ತಳಿ ಹೋದರೆ ಹೋಗಲಿ, ನಮಗೇನು ಎಂದು ಟ್ರಸ್ಟಿಗೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆ ಮೇರೆಗೆ ಒಂದು ಕರಡನ್ನೂ ಬರೆದಿದ್ದೆ. ಅದನ್ನು ಓದಿದ ಮಗಳು ಬೆಲ್ಜಿಯಂ ದೇಶದ ಪಿಯೆತ್ರೇಂ ಎಂಬ ಹಂದಿಯ ವಿಷಯವನ್ನು ತಿಳಿದುಕೊಳ್ಳಿರೆಂದು ಹೇಳಿದಳು.

ಕೊಬ್ಬು ಕಡಿಮೆ, ಮಾಂಸಖಂಡ ಹೆಚ್ಚು ಇರುವ ಹಂದಿಯನ್ನೇ ಆರಿಸಿ ಆರಿಸಿ ಬೆಳೆಸಿದಾಗ, ಇಪ್ಪತ್ತನೆಯ ಶತಮಾನದ ನಡುವಿನಿಂದ ಒಂದು ವಿಚಿತ್ರ ಕಾಯಿಲೆ ಹಲವು ದೇಶಗಳ ಹಂದಿಗಳಲ್ಲಿ ಕಾಣಿಸಿಕೊಂಡಿತು. ಲಾರಿಗೆ ಹತ್ತಿಸುವಾಗ, ಸೆಕೆಯಾದಾಗ, ಬೆದರಿದಾಗ, ಸುಮ್ಮನೆ ಓಡಿಸಿದಾಗ ಹಂದಿಯ ಮೈ ಸೆಟೆದು, ಜ್ವರ ಏರಿ, ಅದು ನಿಂತಲ್ಲೇ ಬಿದ್ದು ಸಾಯುತ್ತಿತ್ತು. 1991ರಲ್ಲಿ ಕೆನಡದ ಟೊರಾಂಟೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಮೂಲವನ್ನು ಕಂಡುಹಿಡಿದರು. ಸ್ನಾಯುಗಳಲ್ಲಿ ಸುಣ್ಣದಂಶದ ಹರಿವನ್ನು ಹಿಡಿತದಲ್ಲಿಡುವ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಪರೀಕ್ಷಿಸಿದ ಐದು ತಳಿಗಳಲ್ಲಿಯೂ ಅದೇ ಅಕ್ಷರ, ಅದೇ ತಪ್ಪು. ಯಾವುದೋ ಒಂದು ಮೂಲದಲ್ಲಿ ಎಂದೋ ಆದ ತಪ್ಪು, ಮಾಂಸ ಹೆಚ್ಚುತ್ತದೆಂಬ ಕಾರಣಕ್ಕೆ ಮನುಷ್ಯನ ಆಯ್ಕೆಯಿಂದಲೇ ಖಂಡದಿಂದ ಖಂಡಕ್ಕೆ ಹರಡಿತ್ತು. ಆ ಬಳಿಕ ರಕ್ತಪರೀಕ್ಷೆಯಿಂದ ಅದನ್ನು ಬಹುಮಟ್ಟಿಗೆ ತೆಗೆದುಹಾಕಿದರು. ತಪ್ಪಿಲ್ಲದ ಪ್ರತಿ ಇತರ ಹಂದಿಗಳಲ್ಲಿ ಉಳಿದಿತ್ತು, ಆದ್ದರಿಂದ ಅದು ಸಾಧ್ಯವಾಯಿತು.

ಇದನ್ನು ಓದಿದ ಮೇಲೆ ನನ್ನ ಕರಡನ್ನು ಹರಿದುಹಾಕಿದೆ. ತಳಿಗೆ ನೋವಿಲ್ಲವೆಂಬುದು ನಿಜ. ಆದರೆ ಅನುವಂಶಿಕ ವೈವಿಧ್ಯ ಕುಗ್ಗಿದಾಗ ಮುಂದೆ ಹುಟ್ಟುವ ಒಂದೊಂದು ಹಂದಿಯ ಮೈಯಲ್ಲಿ ನೋವು ಹುಟ್ಟುತ್ತದೆ. ಹತ್ತಿರದ ಸಂಬಂಧದಲ್ಲಿಯೇ ಕೂಡುತ್ತ ಹೋದರೆ ಮರಿಗಳು ಸಾಯುತ್ತವೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ. ಅಂದರೆ ವೈವಿಧ್ಯವೆಂಬುದು ಅಂಗಡಿಯ ಮೂಲಧನದಂತೆ: ಅದಕ್ಕಾಗಿಯೇ ಯಾರೂ ಬದುಕುವುದಿಲ್ಲ, ಆದರೆ ಅದು ಕರಗಿದಾಗ ಮನೆಮಂದಿ ಉಪವಾಸ ಬೀಳುತ್ತಾರೆ. ಜಗತ್ತು ಈಗ ಆ ಮೂಲಧನವನ್ನು ಕರಗಿಸುತ್ತಿರುವ ರೀತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2007ರಲ್ಲಿ ಮತ್ತು 2015ರಲ್ಲಿ ಎರಡು ದೊಡ್ಡ ವರದಿಗಳಲ್ಲಿ ದಾಖಲಿಸಿದೆ. ಆ ವರದಿಗಳು ಪ್ರಾಣಿಗಳನ್ನು 'ಅನುವಂಶಿಕ ಸಂಪನ್ಮೂಲ' ಎಂದು ಕರೆಯುತ್ತವೆ. ಆ ಶಬ್ದದಲ್ಲಿಯೇ ತೀರ್ಪು ಅಡಗಿದೆ. ಸಂಪನ್ಮೂಲವೆಂದ ಮೇಲೆ ಬಳಸುವವನೊಬ್ಬನಿರಲೇಬೇಕು. ಚೀನದ ತಾಯ್‌ಹು ಸರೋವರ ಪ್ರದೇಶದ ಮೇಷಾನ್ ಹಂದಿ ಒಂದು ಸೂಲಿಗೆ ಹದಿನೈದರಷ್ಟು ಮರಿ ಹಾಕುತ್ತದೆಂದು ಫ್ರಾನ್ಸ್ 1979ರಲ್ಲಿಯೂ ಅಮೆರಿಕ 1989ರಲ್ಲಿಯೂ ಅದನ್ನು ತರಿಸಿಕೊಂಡವು. ಬೇಕಾದದ್ದು ಆ ಮುದುರಿದ ಮುಖದ ಸಾಧುಪ್ರಾಣಿಯಲ್ಲ, ಅದರ ಗರ್ಭದ ಗುಣ.

ತಿನ್ನದೆ ತಳಿಯನ್ನು ಉಳಿಸಿದ ಉದಾಹರಣೆ ಉಂಟೇ ಎಂದು ಹುಡುಕಿದೆ. ಉಂಟು, ನ್ಯೂಜಿಲೆಂಡಿನಲ್ಲಿ. ಮಾವೊರಿ ಜನರು ಸಾಕುತ್ತಿದ್ದ ಕುನೆಕುನೆ ಎಂಬ ದುಂಡುಮೈಯ ಸಣ್ಣ ಹಂದಿ 1970ರ ದಶಕದಲ್ಲಿ ಶುದ್ಧರೂಪದಲ್ಲಿ ಐವತ್ತರಷ್ಟು ಮಾತ್ರ ಉಳಿದಿದ್ದಾಗ, ವನ್ಯಧಾಮಗಳನ್ನು ನಡೆಸುತ್ತಿದ್ದ ಇಬ್ಬರು 18 ಪ್ರಾಣಿಗಳನ್ನು ಕೂಡಿಸಿ ಸಂತಾನ ಬೆಳೆಸಿದರು. ಇಂದು ಅದು ಹಲವು ದೇಶಗಳಲ್ಲಿದೆ, ಬಹಳ ಕಡೆ ನಾಯಿಯಂತೆ ಮನೆಯ ಒಡನಾಡಿಯಾಗಿ. ಆದರೆ ಈ ದಾರಿಯಲ್ಲಿಯೂ ಮುಳ್ಳುಂಟು. ವಿಯೆಟ್ನಾಮಿನ ಜೋಲುಹೊಟ್ಟೆಯ ಹಂದಿಗಳನ್ನು 1980ರ ದಶಕದಲ್ಲಿ ಅಮೆರಿಕದವರು ಮುದ್ದಿಗೆಂದು ಕೊಂಡರು. ಮರಿ ಬೆಳೆದು ಮಣಭಾರವಾದಾಗ ಬಹಳಷ್ಟನ್ನು ಅನಾಥಾಲಯಗಳಿಗೆ ನೂಕಿದರು.

ನ್ಯೂಜಿಲೆಂಡಿನಲ್ಲಿಯೇ ಇನ್ನೊಂದು ಪ್ರಕರಣ ಇದಕ್ಕಿಂತ ಜಟಿಲ. ದಕ್ಷಿಣ ಸಮುದ್ರದ ಆಕ್ಲೆಂಡ್ ದ್ವೀಪದಲ್ಲಿ 1807ರಲ್ಲಿ ನಾವಿಕರು ಬಿಟ್ಟ ಹಂದಿಗಳು ಕಾಡಾಗಿ ಬೆಳೆದವು. ಅವು ನೆಲದಲ್ಲಿ ಗೂಡು ಕಟ್ಟುವ ಕಡಲ ಹಕ್ಕಿಗಳನ್ನೂ ಅಲ್ಲಿಯೇ ಹುಟ್ಟಿದ ಗಿಡಗಳನ್ನೂ ನಾಶಮಾಡುತ್ತವೆಂದು ಸರ್ಕಾರ ಅವನ್ನು ತೊಡೆದುಹಾಕಲು ಬಯಸಿತು. 1999ರಲ್ಲಿ ತಳಿರಕ್ಷಕರು 17 ಹಂದಿಗಳನ್ನು ಹಿಡಿದು ಇನ್ವರ್‌ಕಾರ್ಗಿಲ್ ಎಂಬ ಊರಿಗೆ ತಂದರು. ಎರಡು ಶತಮಾನ ಒಂಟಿಯಾಗಿದ್ದುದರಿಂದ ಅವುಗಳ ಮೈಯಲ್ಲಿ ಇತರ ಹಂದಿಗಳ ಸೋಂಕುಗಳು ಇರಲಿಲ್ಲವೆಂದು ತಿಳಿದಾಗ, ಮಧುಮೇಹದ ರೋಗಿಗಳಿಗೆ ಅವುಗಳ ಮೇದೋಜೀರಕ ಗ್ರಂಥಿಯ ಕೋಶಗಳನ್ನು ಕಸಿಮಾಡುವ ಪ್ರಯೋಗಗಳು ಆರಂಭವಾದವು. ಹಕ್ಕಿಗಾಗಿ ಸಾಯಬೇಕಾಗಿದ್ದ ಹಂದಿ ತಳಿಗಾಗಿ ಬದುಕಿ ಮನುಷ್ಯನ ಔಷಧಕ್ಕಾಗಿ ಮತ್ತೆ ಸಾಯುವಂತಾಯಿತು. ನನ್ನ ಮನೆಯಲ್ಲಿಯೂ ಮಧುಮೇಹವುಂಟು. ಆದ್ದರಿಂದ ಈ ವಿಷಯದಲ್ಲಿ ಗಟ್ಟಿಯಾಗಿ ಮಾತನಾಡಲು ನನಗೆ ನಾಲಗೆ ಏಳುವುದಿಲ್ಲ.

ನಮ್ಮ ದೇಶದಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಒಂದು ಕೆಲಸ ಅಸ್ಸಾಮಿನಲ್ಲಿ ನಡೆದಿದೆ. ಅದು ಸಾಕುತಳಿಯದಲ್ಲ, ಕಾಡಿನ ಕುಬ್ಜ ಹಂದಿಯದು. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ತೂಕ ಏಳೆಂಟು ಕಿಲೋ. ಹಿಮಾಲಯದ ಬುಡದ ಎತ್ತರ ಹುಲ್ಲುಗಾವಲೇ ಅದರ ಮನೆ. ಇಲ್ಲವಾಯಿತೆಂದು ಎಲ್ಲರೂ ಭಾವಿಸಿದ್ದಾಗ 1971ರಲ್ಲಿ ಮತ್ತೆ ಕಂಡಿತು. 1996ರಲ್ಲಿ ಮಾನಸ ಅರಣ್ಯದಿಂದ ಆರು ಹಂದಿಗಳನ್ನು ಹಿಡಿದು ಗುವಾಹಟಿಯಲ್ಲಿ ಸಂತಾನ ಬೆಳೆಸಿ, 2008ರಿಂದ ನೂರಕ್ಕೂ ಹೆಚ್ಚನ್ನು ಮರಳಿ ಕಾಡಿಗೆ ಬಿಟ್ಟಿದ್ದಾರೆ. ಒಂದನ್ನೂ ತಿನ್ನಲಿಲ್ಲ, ಮಾರಲಿಲ್ಲ. ಈ ಹಂದಿಯ ಮೈಮೇಲೆ ಮಾತ್ರ ಬದುಕುವ ಒಂದು ಜಾತಿಯ ಹೇನು ಇದೆ. ಹಂದಿ ಅಳಿದರೆ ಅದೂ ಅಳಿಯುತ್ತದೆಂದು ವಿಜ್ಞಾನಿಗಳು ಅದನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರೆ. ತ್ರೀಂದ್ರಿಯ ಜೀವಕ್ಕೆ ಹೇನಿನ ಉದಾಹರಣೆಯನ್ನು ಬಾಲಬೋಧೆಯಲ್ಲಿ ಓದಿ ಬೆಳೆದ ನಮಗೆ, ಹೇನನ್ನೂ ಲೆಕ್ಕಕ್ಕೆ ಹಿಡಿದ ಆ ಪಟ್ಟಿಯನ್ನು ಕಂಡಾಗ ಗೌರವ ಮೂಡದಿರದು.

ಆದರೆ ಕಾಡಿನ ಹಂದಿಗೆ ಕಾಡಿದೆ. ನಾಟಿ ಹಂದಿಗೆ ಸಾಕುವವನ ಹಿತ್ತಿಲೇ ಗತಿ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಇದ್ದ ಹಂದಿಗಳು ಸುಮಾರು 90 ಲಕ್ಷ, 2012ಕ್ಕಿಂತ ನೂರಕ್ಕೆ 12ರಷ್ಟು ಕಡಿಮೆ. ಮರುವರ್ಷ, 2020ರಲ್ಲಿ, ಆಫ್ರಿಕನ್ ಹಂದಿ ಜ್ವರ ಈಶಾನ್ಯಕ್ಕೆ ಕಾಲಿಟ್ಟಿತು. ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಸಂಸ್ಥೆ ಬಂಗಾಳದ ಘುಂಗ್ರೂ, ಮೇಘಾಲಯದ ನಿಯಾಂಗ್ ಮೇಘಾ, ನಾಗಾಲ್ಯಾಂಡಿನ ತೆನ್ಯಿ ವೋ, ಗೋವೆಯ ಅಗೊಂಡ ಗೋವನ್ ಮುಂತಾಗಿ ಹತ್ತಕ್ಕೂ ಹೆಚ್ಚು ದೇಶೀ ತಳಿಗಳನ್ನು ನೋಂದಾಯಿಸಿದೆ. ಇವನ್ನು ಇಷ್ಟು ಕಾಲ ಉಳಿಸಿದವರು ಬಡವರು. ನಮ್ಮ ಕಡೆ ಕೊರಮರು, ಹಂದಿಜೋಗಿಗಳು. ಅವರ ತುತ್ತಿನ ಮೇಲೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲವೆಂದೇ ನನ್ನ ಮತ. ನಮ್ಮ ಹಣದಿಂದ ನಾವೇನು ಮಾಡುತ್ತೇವೆಂಬುದು ಮಾತ್ರ ನಮ್ಮ ಪ್ರಶ್ನೆ.

ಆಗ ನಾನು ಕಾಗದ ಪೆನ್ನು ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ಬಿ.ಕಾಂ. ಓದಿದವನಿಗೆ ಅಷ್ಟಾದರೂ ಬರಬೇಕಷ್ಟೆ. ಸಿವಾಲ್ ರೈಟ್ ಎಂಬ ಅಮೆರಿಕದ ವಿಜ್ಞಾನಿ 1931ರಲ್ಲಿ ಕೊಟ್ಟ ಸೂತ್ರವೊಂದನ್ನು ಮಗಳು ಬರೆದು ಕಳಿಸಿದ್ದಳು. ಹಿಂಡಿನ ತಲೆಗಳೆಷ್ಟೆಂಬುದು ಮುಖ್ಯವಲ್ಲ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಹಿಂಡಿನ ನಿಜವಾದ ಅನುವಂಶಿಕ ಬಲ. ಒಂದು ಗಂಡು, 20 ಹೆಣ್ಣಿದ್ದರೆ ಬಲ ನಾಲ್ಕಕ್ಕೂ ಕಡಿಮೆ. 12 ಗಂಡು, 12 ಹೆಣ್ಣಿದ್ದರೆ 24. ಮಾಂಸಕ್ಕೆ ಸಾಕುವವನಿಗೆ ಗಂಡುಗಳು ಹೆಚ್ಚುವರಿ ಸರಕು. ಒಂದೆರಡನ್ನು ಉಳಿಸಿಕೊಂಡು ಮಿಕ್ಕವನ್ನು ಕಳಿಸಿಬಿಡುತ್ತಾನೆ. ಕೊಲ್ಲದಿರುವವನ ಹಿಂಡಿನಲ್ಲಿ ಗಂಡುಗಳೂ ಉಳಿಯುತ್ತವೆ, ಆದ್ದರಿಂದ ಅದೇ ಸಂಖ್ಯೆಯಲ್ಲಿ ಅವನ ಹಿಂಡಿನ ಬಲ ಹೆಚ್ಚು. ಇನ್ನೂ ಒಂದು ಮಾತು: ವೈವಿಧ್ಯ ಕರಗುವುದು ವರ್ಷಕ್ಕಲ್ಲ, ತಲೆಮಾರಿಗೆ. ಹೆಣ್ಣುಗಳನ್ನು ಎಳೆಯದರಲ್ಲಿಯೇ ಮತ್ತೆ ಮತ್ತೆ ಸೂಲಿಗೆ ಬಿಡದೆ, ತಡವಾಗಿ, ಒಂದೇ ಸಲ ಮರಿಯಾಗಲು ಬಿಟ್ಟರೆ ತಲೆಮಾರು ಉದ್ದವಾಗಿ ಕರಗುವಿಕೆ ನಿಧಾನವಾಗುತ್ತದೆ. ಈ ಎರಡು ಕಡೆಯಲ್ಲಿ ಅಹಿಂಸೆಯ ನಿಯಮವೂ ಅನುವಂಶಿಕ ಶಾಸ್ತ್ರವೂ ಕೈಹಿಡಿದು ನಡೆಯುವುದನ್ನು ಕಂಡು ನನಗೆ ನಿಜವಾಗಿ ಸಂತೋಷವಾಯಿತು.

ಲೆಕ್ಕದ ಇನ್ನೊಂದು ಪುಟ ಅಷ್ಟು ಸುಖವಾಗಿಲ್ಲ. 25 ಗಂಡು, 25 ಹೆಣ್ಣು ಎಂದು ಹಿಡಿಯಿರಿ, ಬಲ 50. ತಜ್ಞರು ಸಾಮಾನ್ಯವಾಗಿ ಹೇಳುವ ಕನಿಷ್ಠ ಅದು. ಪ್ರತಿ ಹೆಣ್ಣೂ ಆರು ವರ್ಷಕ್ಕೊಂದು ತಲೆಮಾರೆಂಬಂತೆ ಒಂದೇ ಸೂಲು ಹಾಕಿದರೂ, ಸೂಲಿಗೆ ಆರು ಮರಿಯಂತೆ ತಲೆಮಾರಿಗೆ 150 ಮರಿ, ವರ್ಷಕ್ಕೆ 25. ಒಂದೊಂದು 12 ವರ್ಷ ಬದುಕಿದರೆ ಕೊನೆಗೆ ನಿಲ್ಲುವ ಹಿಂಡು 300. ದಿನಕ್ಕೆ ಎರಡು ಕಿಲೋ ಮೇವಿನಂತೆ 600 ಕಿಲೋ. ವರ್ಷಕ್ಕೆ 219 ಟನ್. ಇದು ಒಂದು ಬಸದಿಯ ನಿಧಿ ಹೊರುವ ಹೊರೆಯಲ್ಲ. ಐದಾರು ಟ್ರಸ್ಟುಗಳು ಹಂಚಿಕೊಂಡರೆ ತಲಾ ಐವತ್ತು ಅರವತ್ತು ಹಂದಿ. ಆಗ ರೋಗ ಬಂದರೂ ಎಲ್ಲವೂ ಒಂದೇ ಬಾರಿ ಹೋಗುವುದಿಲ್ಲ. ವೀರ್ಯವನ್ನು ದ್ರವರೂಪದ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದಶಕಗಳ ಕಾಲ ಇಡುವ ವಿಧಾನವೂ ಇದೆ. ಗೂಳಿಯದರಷ್ಟು ಚೆನ್ನಾಗಿ ಹಂದಿಯದು ಹೆಪ್ಪುಗಟ್ಟಿಸುವಿಕೆಯನ್ನು ತಾಳದಿದ್ದರೂ, ಅದರಿಂದ ಹಿಂಡನ್ನು ಸಣ್ಣದಾಗಿಡಬಹುದು. ಶುಕ್ರದಲ್ಲಿನ ಸೂಕ್ಷ್ಮಜೀವಗಳ ಪ್ರಶ್ನೆಯನ್ನು ಇಲ್ಲಿ ಎತ್ತುವವರಿದ್ದಾರೆ. ಅದನ್ನು ಪಂಡಿತರಿಗೆ ಬಿಡುತ್ತೇನೆ.

ಹೆಚ್ಚುವರಿ ಗಂಡುಗಳ ಬೀಜ ಒಡೆಸುವುದೇ ಎಂದು ಒಬ್ಬರು ಕೇಳಿದರು. ಆಶಾಧರರು ಸಾಗಾರಧರ್ಮಾಮೃತದಲ್ಲಿ ಎಣಿಸಿರುವ ಹದಿನೈದು ಖರಕರ್ಮಗಳಲ್ಲಿ ಪ್ರಾಣಿಗಳ ಅಂಗವನ್ನು ಕೆಡಿಸುವ ನಿರ್ಲಾಂಛನವೂ ಒಂದು. ನಮ್ಮ ಹಣದಿಂದ ಅದು ನಡೆಯಕೂಡದು. ಗಂಡುಗಳಿಗೆ ಬೇರೆ ಆವರಣ ಕಟ್ಟಬೇಕು. ಇನ್ನೊಂದು ಗೋಡೆಯ ಖರ್ಚು.

ಎರಡನೆಯ ಸಭೆಯಲ್ಲಿ ನಾನು ಈ ಲೆಕ್ಕಗಳನ್ನೆಲ್ಲ ಮುಂದಿಟ್ಟೆ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ದಾನಗಳಿಗೆ ಕೊಟ್ಟ ನಾಲ್ಕು ದೃಷ್ಟಾಂತಗಳಲ್ಲಿ ಕೊನೆಯದು ಒಂದು ಹಂದಿಯೆಂಬುದನ್ನೂ ನೆನಪಿಸಿದೆ. ಆ ಕಥೆ ಹಲವರಿಗೆ ಗೊತ್ತು: ಹಿಂದಿನ ಜನ್ಮದಲ್ಲಿ ಮುನಿಗೆ ತಂಗಲು ಜಾಗ ಕೊಟ್ಟಿದ್ದ ಕುಂಬಾರ ಹಂದಿಯಾಗಿ ಹುಟ್ಟಿ, ಗುಹೆಯಲ್ಲಿದ್ದ ಮುನಿಗಳನ್ನು ತಿನ್ನಲು ಬಂದ ಹುಲಿಯೊಡನೆ ಬಾಗಿಲಲ್ಲಿ ನಿಂತು ಹೋರಾಡಿ ಸತ್ತು ದೇವಗತಿಗೆ ಹೋಯಿತು. ಆ ಹಂದಿ ಯಾವ ತಳಿಯದೆಂದು ಕಥೆ ಹೇಳುವುದಿಲ್ಲ. ಕಟುಕನ ಬಂಡವಾಳದ ಮಾತನ್ನಾಡಿದ್ದ ಸದಸ್ಯರು ಎಲ್ಲವನ್ನೂ ಕೇಳಿ, "ಹಂದಿಗಳನ್ನು ಸಾಕಲು ನನ್ನ ಒಪ್ಪಿಗೆಯಿದೆ, ಹುಟ್ಟಿಸಲು ಇಲ್ಲ" ಎಂದರು. ಹನ್ನೆರಡು ವರ್ಷಗಳ ಬಳಿಕ ನಾವ್ಯಾರೂ ಇಲ್ಲದಾಗ, ನಿಧಿ ಬತ್ತಿದಾಗ, ಹುಟ್ಟಿಸಿದ ಮರಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಅವರ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕೊನೆಗೆ ಆದ ಠರಾವು ಹೀಗಿದೆ: 24 ಹಂದಿಗಳ ಮೇವು, ಔಷಧಗಳ ಖರ್ಚನ್ನು ಜೀವದಯಾ ನಿಧಿಯಿಂದ ಅವುಗಳ ಆಯುಷ್ಯದವರೆಗೆ ಕೊಡುವುದು. ಸಂತಾನ ಬೆಳೆಸುವ ವಿಷಯವನ್ನು, ಕನಿಷ್ಠ ಇನ್ನು ನಾಲ್ಕು ಟ್ರಸ್ಟುಗಳು ಶಾಶ್ವತ ಠೇವಣಿ ಇಟ್ಟು ಜೊತೆಗೂಡುವವರೆಗೆ, ತಡೆಹಿಡಿಯುವುದು. ಮಗಳಿಗೆ ಇದನ್ನು ತಿಳಿಸಿದಾಗ ಅವಳು ಹೆಣ್ಣು ಹಂದಿಗಳ ವಯಸ್ಸಿನ ಪಟ್ಟಿಯನ್ನು ಕಳಿಸಿದಳು. ಹನ್ನೆರಡರಲ್ಲಿ ಐದು ಆಗಲೇ ನಾಲ್ಕು ವರ್ಷ ದಾಟಿವೆ. ಇನ್ನು ಮೂರು ನಾಲ್ಕು ವರ್ಷದಲ್ಲಿ ಅವು ಮರಿ ಹಾಕುವ ಪ್ರಾಯ ಮೀರುತ್ತವೆ. ಆ ಪಟ್ಟಿ ನಮ್ಮ ಬಸದಿಯ ಕಚೇರಿಯಲ್ಲಿದೆ. ನೋಡಬಯಸುವ ಟ್ರಸ್ಟಿನವರು ಬಂದು ನೋಡಬಹುದು.